ಎತ್ತಿನ ಹಲುಬೆಯೂ ಟ್ರ್ಯಾಕ್ಟರಿನ ಹಲುಬೆಯೂ

೧

ಬೇಸಾಯದ ಉಪಕರಣಗಳ ಚರಿತ್ರೆಯನ್ನು ಬರೆಯುವವರು ನೇಗಿಲಿಗೆ ಅಗ್ರಪೂಜೆಯನ್ನು ಸಲ್ಲಿಸಿ, ಉಳಿದ ಸಾಧನಗಳನ್ನು ಅದರ ಪರಿವಾರವೆಂಬಂತೆ ಎಣಿಸಿ ಮುಂದೆ ಸಾಗುವುದು ವಾಡಿಕೆ. ನೇಗಿಲಿಗೆ ಪುರಾಣದ ಆಶ್ರಯವುಂಟು: ಅದು ಬಲರಾಮನ ಆಯುಧ, ಸೀತೆ ಹುಟ್ಟಿದುದು ನೇಗಿಲ ಸಾಲಿನಲ್ಲಿ. ನೇಗಿಲು ಎಬ್ಬಿಸಿದ ಹೆಂಟೆಯನ್ನು ಒಡೆದು, ಕಸವನ್ನು ಬಾಚಿ, ಕಲ್ಲನ್ನು ಆರಿಸಿ, ನೆಲವನ್ನು ಬಿತ್ತನೆಗೆ ತಕ್ಕಂತೆ ಹಸನುಗೊಳಿಸುವ ಹಲುಬೆಗೆ ಇಂತಹ ಕಥೆಯೊಂದೂ ಇಲ್ಲ. ಆದರೂ ನೇಗಿಲಿನ ಚರಿತ್ರೆಯಲ್ಲಿ ಮರೆಯಾಗುವ ಒಂದು ಸಂಗತಿ ಹಲುಬೆಯ ಚರಿತ್ರೆಯಲ್ಲಿ ಸ್ಪಷ್ಟವಾಗಿ ತೋರುತ್ತದೆ. ಅದೇನೆಂದರೆ, ಸಾಗುವಳಿಯ ಸಾಧನವನ್ನು ಯಾರು ಮಾಡಬೇಕು, ಯಾವ ಬೆಲೆಗೆ ಮಾಡಬೇಕು, ಮುರಿದಾಗ ಯಾರು ಸರಿಪಡಿಸಬೇಕು ಎಂಬ ಪ್ರಶ್ನೆ.

ಮರದ ಉಪಕರಣವು ಹೋಗಿ ಕಬ್ಬಿಣದ ಉಪಕರಣವು ಬಂದಿತು. ಎತ್ತು ಹೋಗಿ ಯಂತ್ರವು ಬಂದಿತು. ಅದರೊಡನೆ ಊರ ಬಡಗಿಯ ಕೈಕೆಲಸವು ತೀರಿ ಕಾರ್ಖಾನೆಯ ಯುಗವು ಮೊದಲಾಯಿತು ಎಂಬುದು ಸಾಮಾನ್ಯವಾಗಿ ಅಂಗೀಕೃತವಾದ ಅಭಿಪ್ರಾಯ. ಈ ಅಭಿಪ್ರಾಯವು ಅರ್ಧ ಸತ್ಯ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ, ಮನೆಯಂಗಳದಲ್ಲಿಯೇ ಹಳೆಯ ಕಬ್ಬಿಣದಿಂದ ಜೋಡಿಸಿದ ಹಲುಬೆಯೊಂದನ್ನು ಎದುರಿಗಿಟ್ಟುಕೊಂಡು ವಿಚಾರಿಸಿದರೆ, ಉಳಿದರ್ಧವು ತಿಳಿದುಬರುತ್ತದೆ.

೨

ಮೊದಲು ಶಬ್ದವಿಚಾರ. ಹಲುಬೆ, ಹಲುವೆ, ಹಲಿವೆ ಎಂದು ಸೀಮೆಯಿಂದ ಸೀಮೆಗೆ ಉಚ್ಚಾರ ಭೇದವಿರುವ ಈ ಶಬ್ದವು ‘ಹಲ್ಲು’ ಎಂಬುದಕ್ಕೆ ಸಂಬಂಧಿಸಿದುದು. ಗೋಳಿಡುವುದೆಂಬ ಅರ್ಥದ ‘ಹಲುಬು’ ಎಂಬ ಧಾತುವಿನೊಡನೆ ಇದಕ್ಕಿರುವುದು ಧ್ವನಿಸಾಮ್ಯವಲ್ಲದೆ ಬೇರೇನೂ ಅಲ್ಲ. ಹಲ್ಲಿನಿಂದಲೇ ಈ ಸಾಧನಕ್ಕೆ ಹೆಸರಿಡುವುದು ಕನ್ನಡಕ್ಕೆ ಮಾತ್ರ ಸೀಮಿತವಾದುದಲ್ಲ. ಮರಾಠಿಯ ‘ದಾತಾಳೆ’, ತೆಲುಗಿನ ‘ದಂತೆ’ ಎಂಬ ಮಾತುಗಳೂ ದಂತಮೂಲವಾದವುಗಳೇ. ಕುಂಟೆಗೆ ಮಾತ್ರ ಹಲ್ಲಿಲ್ಲ. ಅದಕ್ಕಿರುವುದು ಅಡ್ಡವಾಗಿ ಹರಿಯುವ ಒಂದು ಅಲಗು. ಆದಕಾರಣ ಕುಂಟೆಯನ್ನೂ ಹಲುಬೆಯನ್ನೂ ಒಂದೇ ಎಂದು ತಿಳಿಯುವುದು ತಪ್ಪು. ಕುಂಟೆಯು ನೆಲದ ಮೇಲ್ಪದರವನ್ನು ಕೊಯ್ಯುತ್ತದೆ. ಹಲುಬೆಯು ಅದನ್ನು ಬಾಚುತ್ತದೆ.

ಪಶ್ಚಿಮದ ಭಾಷೆಗಳಲ್ಲಿ ಈ ಸಾಧನದ ಶಬ್ದಕ್ಕೆ ವಿಚಿತ್ರವಾದ ವಂಶಾವಳಿಯಿದೆ. ರೋಮನರು ಎತ್ತುಗಳಿಂದ ಎಳೆಯಿಸುತ್ತಿದ್ದ, ಹಲವು ಹಲ್ಲುಗಳ ದಿಮ್ಮಿಯನ್ನು ‘ಇರ್ಪೆಕ್ಸ್’ ಎಂದು ಕರೆದರು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ವಾರೋ ಎಂಬ ವಿದ್ವಾಂಸನು ಅದನ್ನು ಹೆಸರಿಸಿದ್ದಾನೆ. ಅದರಿಂದ ಫ್ರೆಂಚ್ ಭಾಷೆಯ ‘ಎರ್ಸ್’ ಹುಟ್ಟಿತು. ಒಮ್ಮೆ ಬಾಚಿದ ಹೊಲವನ್ನು ಮರಳಿ ಬಾಚುವುದಕ್ಕೆ ಹಳೆಯ ಫ್ರೆಂಚಿನಲ್ಲಿದ್ದ ಕ್ರಿಯಾಪದವೇ ಇಂಗ್ಲಿಷಿಗೆ ಹೋಗಿ, ಹೇಳಿದುದನ್ನೇ ಮರಳಿ ಹೇಳುವುದೆಂಬ ಅರ್ಥವನ್ನು ತಳೆದು, ಕೊನೆಗೆ ನಾಟಕದವರ ‘ರಿಹರ್ಸಲ್’ ಆಯಿತು. ಕನ್ನಡದ ನಾಟಕ ಮಂಡಳಿಗಳವರು ದಿನವೂ ಆಡುವ ಈ ಮಾತಿನ ಬುಡದಲ್ಲಿ ಹಲುಬೆಯೊಂದು ಹುದುಗಿರುವುದು ಸಾಹಿತ್ಯಾಭ್ಯಾಸಿಗಳಿಗೆ ಸ್ವಾರಸ್ಯಕರವಾದೀತು. ಹನ್ನೊಂದನೆಯ ಶತಮಾನದ ಬೇಯೋ ಚಿತ್ರಪಟದ ಅಂಚಿನಲ್ಲಿ ಕುದುರೆಯು ಎಳೆಯುವ ಹಲುಬೆಯ ಚಿತ್ರವಿರುವುದನ್ನೂ ಇಲ್ಲಿ ಸ್ಮರಿಸಬಹುದು. ಕನ್ನಡದಲ್ಲಿ ಒಕ್ಕಲಿಗ ಮುದ್ದಣ್ಣನೇ ಮೊದಲಾದ ವಚನಕಾರರು ಬೇಸಾಯದ ಕೆಲಸಗಳನ್ನೇ ಅಧ್ಯಾತ್ಮದ ರೂಪಕಗಳನ್ನಾಗಿ ಮಾಡಿಕೊಂಡಿದ್ದಾರೆ. ಆ ರೂಪಕಗಳ ಹುರುಳು ತಿಳಿಯಬೇಕಾದರೆ ಉಪಕರಣಗಳ ಪರಿಚಯವು ಅವಶ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

೩

ಎತ್ತಿನ ಹಲುಬೆಯ ರಚನೆಯು ಸರಳವಾದುದು. ಅಡ್ಡಲಾಗಿ ಒಂದು ದಿಂಡು. ದಿಂಡಿನಲ್ಲಿ ಸಾಲಾಗಿ ಕೊರೆದ ತೂತುಗಳು. ತೂತುಗಳಲ್ಲಿ ಬಿಗಿದ ಮರದ ಇಲ್ಲವೆ ಕಬ್ಬಿಣದ ಹಲ್ಲುಗಳು. ದಿಂಡಿನಿಂದ ನೊಗದ ಕಡೆಗೆ ಚಾಚಿದ ಈಸು. ಹಿಂದೆ ಹಿಡಿದು ನಡೆಯಿಸಲು ಮೇಣಿ. ಜಾಲಿಯಂತಹ ಗಟ್ಟಿಮರವೇ ಇದಕ್ಕೆ ಉಚಿತ. ಹಲ್ಲು ಮುರಿದರೆ ಆ ಒಂದು ಹಲ್ಲನ್ನು ಬಡಿದು ತೆಗೆದು ಮತ್ತೊಂದನ್ನು ಬಿಗಿದರಾಯಿತು, ದಿಂಡಿಗೆ ಹಾನಿಯಿಲ್ಲ. ಹಲ್ಲು ಆಳಕ್ಕೆ ಇಳಿಯಬೇಕಾದರೆ ದಿಂಡಿನ ಮೇಲೆ ಕಲ್ಲನ್ನಿಡುವುದು. ಇಲ್ಲವೆ ನೊಗವನ್ನು ಈಸಿಗೆ ಕಟ್ಟುವ ಸ್ಥಳವನ್ನು ಹಿಂದಕ್ಕೋ ಮುಂದಕ್ಕೋ ಸರಿಸುವುದು. ಭಾರ, ಓರೆ, ಬದಲಿಸಬಹುದಾದ ಹಲ್ಲು: ಈ ಮೂರು ಅಂಶಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಉಕ್ಕಿನ ಹಲುಬೆಯಲ್ಲಿಯೂ ಇವೇ ಕಾಣಬರುತ್ತವೆ.

ಹಳೆಯ ಮೈಸೂರು ಸೀಮೆಯ ರಾಗಿಯ ಹೊಲಗಳಲ್ಲಿ ಹಲುಬೆಗೆ ನೆಲವನ್ನು ಸಿದ್ಧಗೊಳಿಸುವುದಕ್ಕಿಂತ ನಾಜೂಕಾದ ಕೆಲಸವೊಂದುಂಟು. ರಾಗಿಯು ಮೊಳೆತು ಕೆಲವು ವಾರಗಳಾದ ಮೇಲೆ, ನೆಲವು ಹದವಾಗಿರುವಾಗ, ಎಳೆಯ ಪೈರಿನ ಮೇಲೆಯೇ ಹಲುಬೆಯನ್ನು ಹಾಯಿಸುತ್ತಾರೆ. ಒತ್ತಾಗಿ ಬೆಳೆದ ಪೈರು ಇದರಿಂದ ತೆಳುವಾಗುತ್ತದೆ, ಕಳೆಯು ಕಿತ್ತುಬರುತ್ತದೆ, ಮಳೆ ಬಿಸಿಲುಗಳಿಂದ ಹೆಪ್ಪುಗಟ್ಟಿದ ಮಣ್ಣಿನ ಮೇಲ್ಪದರವು ಒಡೆಯುತ್ತದೆ. ಉಳಿದ ಗಿಡಗಳು ಕೆಲವು ದಿವಸ ಬಾಡಿದಂತೆ ಕಂಡು ಬಳಿಕ ಚೇತರಿಸಿಕೊಂಡು ತೆಂಡೆಯೊಡೆಯುತ್ತವೆ. ಈ ಕೆಲಸದಲ್ಲಿ ಹಲ್ಲು ಒಂದಂಗುಲ ಹೆಚ್ಚು ಇಳಿದರೂ ಪೈರು ನಾಶವಾಗುವುದು. ಆದುದರಿಂದ ಹಲುಬೆಯು ಹಗುರವಾಗಿರಬೇಕು. ಅದನ್ನು ಮಾಡುವವನಿಗೆ ಆ ಊರಿನ ಮಣ್ಣಿನ ಗುಣವು ತಿಳಿದಿರಬೇಕು.

ಆ ತಿಳಿವಳಿಕೆಯುಳ್ಳವರು ಊರ ಬಡಗಿ, ಕಮ್ಮಾರರು. ಅವರ ಪ್ರತಿಫಲವು ಆಯದ ರೂಪದಲ್ಲಿ, ಸುಗ್ಗಿಯ ಕಾಲದಲ್ಲಿ ಕಣದಲ್ಲಿಯೇ, ಧಾನ್ಯವಾಗಿ ಸಲ್ಲುತ್ತಿತ್ತು. ಇದರ ಆರ್ಥಿಕ ಪರಿಣಾಮವನ್ನು ಅನೇಕರು ಗಮನಿಸಿಲ್ಲ. ರೈತನು ಹಲುಬೆಯನ್ನು ಕೊಳ್ಳುತ್ತಿರಲಿಲ್ಲ. ಅವನು ಮರವನ್ನು ಒದಗಿಸುತ್ತಿದ್ದನು, ಕೆಲಸವು ಆಯದಲ್ಲಿ ಅಡಕವಾಗಿತ್ತು. ಮಳೆಗಾಲದ ನಡುವೆ ಹಲ್ಲು ಮುರಿದರೆ ಕೈಯಲ್ಲಿ ಕಾಸಿಲ್ಲವೆಂಬ ಕಾರಣದಿಂದ ಕೆಲಸವು ನಿಲ್ಲುತ್ತಿರಲಿಲ್ಲ. ಈ ಏರ್ಪಾಟನ್ನು ಆದರ್ಶವೆಂದು ಹೊಗಳಬೇಕಾಗಿಲ್ಲ. ಅದು ಬಡಗಿಯನ್ನು ಜಾತಿಗೂ ಊರಿಗೂ ಕಟ್ಟಿಹಾಕಿದ ಏರ್ಪಾಟೂ ಹೌದು. ಕ್ಷಾಮದ ವರ್ಷದಲ್ಲಿ ಕಣವು ಬರಿದಾದರೆ ಅವನ ಒಲೆಯೂ ಆರುತ್ತಿತ್ತು. ಆದರೆ ಅಗ್ಗದ ಸಾಧನವೆಂದರೇನೆಂಬುದನ್ನು ನಿರ್ಣಯಿಸುವಾಗ ಇದನ್ನು ಬಿಟ್ಟು ಲೆಕ್ಕ ಹಾಕುವಂತಿಲ್ಲ.

೪

ಈ ಸಾಧನಗಳು ಹೊರಗಿನವರ ಕಣ್ಣಿಗೆ ಮೊದಲು ಬಿದ್ದುದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ. ತೆಲುಗು ನಾಡಿನ ಕೂರಿಗೆಯ ಬಿತ್ತನೆಯನ್ನು ಕಂಡ ಕ್ಯಾಪ್ಟನ್ ಹಾಲ್ಕಟ್ಟನ ಪತ್ರಗಳು ೧೭೯೭ರಲ್ಲಿ ಲಂಡನ್ನಿನ ಬೇಸಾಯ ಮಂಡಲಿಯ ಪ್ರಕಟನೆಯಲ್ಲಿ ಅಚ್ಚಾದುವು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಅಂದರೆ ೧೮೦೦ರಲ್ಲಿ, ಫ್ರಾನ್ಸಿಸ್ ಬುಕಾನನನು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳ ಸಂಚಾರವನ್ನು ಆರಂಭಿಸಿ ೧೮೦೧ರಲ್ಲಿ ಮುಗಿಸಿದನು. ೧೮೦೭ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವನ ಗ್ರಂಥದಲ್ಲಿ ಬೇಸಾಯದ ಉಪಕರಣಗಳ ವಿವರವೂ ಚಿತ್ರಗಳೂ ಇವೆ. ಅವುಗಳ ಕನ್ನಡ ಹೆಸರುಗಳನ್ನೂ ಅವನು ಕಿವಿಗೆ ಬಿದ್ದಂತೆ ಬರೆದಿಟ್ಟಿದ್ದಾನೆ. ಅವನ ತೀರ್ಪುಗಳು ಬಹುಮಟ್ಟಿಗೆ ಕಟುವಾದುವು. ಆದರೂ ಅವನ ವರ್ಣನೆಯ ನಿಖರತೆಯಿಂದ, ಇನ್ನೂರು ವರ್ಷಗಳ ಹಿಂದಿನ ಉಪಕರಣಗಳನ್ನು ಇಂದಿನವುಗಳೊಡನೆ ಹೋಲಿಸಲು ಅವಕಾಶವಾಗಿದೆ.

ಸುಧಾರಣೆಯ ಪ್ರಯತ್ನಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಲಗೊಂಡುವು. ವಿಲಾಯಿತಿಯ ಉಪಕರಣಗಳನ್ನು ತರಿಸಿ ಸರಕಾರಿ ಹೊಲಗಳಲ್ಲಿ ಪ್ರದರ್ಶಿಸುವುದೇ ಸುಧಾರಣೆಯೆಂದು ಹಲವರು ನಂಬಿದ್ದರು. ೧೮೮೯ರಿಂದ ೧೮೯೧ರ ವರೆಗೆ ಹಿಂದೂಸ್ಥಾನದಲ್ಲಿ ಸಂಚರಿಸಿದ ರಸಾಯನಶಾಸ್ತ್ರಜ್ಞ ವೋಲ್ಕರನು ೧೮೯೩ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ ಈ ನಂಬಿಕೆಗೆ ತಡೆಯೊಡ್ಡಿದನು. ಇಲ್ಲಿಯ ರೈತನು ಇಂಗ್ಲೆಂಡಿನ ಸಾಮಾನ್ಯ ರೈತನಿಗೆ ಕಡಿಮೆಯವನಲ್ಲವೆಂಬುದು ಅವನ ನಿರ್ಣಯ. ಎತ್ತಿನ ಬಲ, ರೈತನ ಕೈಯ ಹಣ, ಊರಿನ ಕುಶಲಕರ್ಮಿಯ ಸಾಮರ್ಥ್ಯ ಇವುಗಳಿಗೆ ಮೀರಿದ ಸಾಧನವು ಎಷ್ಟು ಉತ್ತಮವಾದರೂ ನಿಷ್ಪ್ರಯೋಜಕವೆಂಬ ವಾದವು ಅಲ್ಲಿಂದ ಮುಂದೆ ಪ್ರಬಲವಾಯಿತು. ೧೯೨೮ರ ರಾಯಲ್ ಕಮಿಷನ್ನಿನ ವರದಿಯೂ, ಹೊಸ ಮಾದರಿಗಳನ್ನು ತರುವುದಕ್ಕಿಂತ ಇರುವ ಸಾಧನಗಳನ್ನು ಉತ್ತಮಗೊಳಿಸುವ ಕಡೆಗೆ ಒಲಿಯಿತು.

ಇದಕ್ಕೆ ಕನ್ನಡನಾಡಿನಲ್ಲಿಯೇ ಒಂದು ನಿದರ್ಶನವುಂಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಮೊದಲುಮಾಡಿ, ಮೇವು ಕತ್ತರಿಸುವ ಯಂತ್ರವನ್ನೂ, ಬಳಿಕ ೧೯೦೩ರ ಸುಮಾರಿಗೆ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣವು ನೆಲಕ್ಕೆ ವಿಷವೆಂಬ ಶಂಕೆಯಿಂದ ಅದನ್ನು ಕೊಳ್ಳುವವರೇ ಇರಲಿಲ್ಲವೆಂದೂ, ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದೂ ಪ್ರತೀತಿಯಿದೆ. ಇಂತಹುದೇ ಶಂಕೆಯ ಕಥೆಯನ್ನು ಅಮೆರಿಕದವರೂ ತಮ್ಮ ಹಳೆಯ ರೈತರ ವಿಷಯದಲ್ಲಿ ಹೇಳುತ್ತಾರೆ. ಈ ಕಥೆಗಳಲ್ಲಿ ರೈತನ ಮೌಢ್ಯವನ್ನು ಮಾತ್ರ ಕಾಣುವುದು ಉಚಿತವಲ್ಲ. ಕಬ್ಬಿಣದ ನೇಗಿಲನ್ನು ಹಣ ಕೊಟ್ಟು ಕೊಳ್ಳಬೇಕಾಗಿತ್ತು. ಅದರ ಭಾಗಗಳು ಮುರಿದರೆ ಊರ ಕಮ್ಮಾರನ ಕುಲುಮೆಯಲ್ಲಿ ಎರಕವು ಸಾಧ್ಯವಿರಲಿಲ್ಲ. ‘ವಿಷ’ವೆಂಬ ಮಾತಿನ ಹಿಂದೆ ಈ ಭಯವೂ ಇದ್ದಿರಬಹುದೆಂದು ಊಹಿಸಲವಕಾಶವಿದೆ.

ಅಮೆರಿಕದಲ್ಲಿಯೂ ಸುಧಾರಣೆಯು ಕಮ್ಮಾರನ ಕುಲುಮೆಯಿಂದಲೇ ಹೊರಟಿತು. ೧೮೩೭ರಲ್ಲಿ ಇಲಿನಾಯ್ ಪ್ರಾಂತದ ಗ್ರ್ಯಾಂಡ್ ಡಿಟೂರ್ ಎಂಬ ಊರಿನ ಕಮ್ಮಾರ ಜಾನ್ ಡಿಯರನು ಜಿಗುಟು ಮಣ್ಣಿನಲ್ಲಿ ಸಾಗುವ ನೇಗಿಲನ್ನು ಮಾಡಿದುದು ಮುರಿದ ಗರಗಸದ ಉಕ್ಕಿನಿಂದ. ಮುಂದೆ ಜಗದ್ವಿಖ್ಯಾತವಾದ ಕಾರ್ಖಾನೆಯೊಂದರ ಮೂಲವಸ್ತುವು ಗುಜರಿಯ ಉಕ್ಕಾಗಿತ್ತೆಂಬುದು ಗಮನಾರ್ಹ.

೫

ಉಕ್ಕು ಸುಲಭವಾಗಿ ದೊರೆಯತೊಡಗಿದ ಮೇಲೆ ಹಲುಬೆಯ ಹಲ್ಲಿನ ಸ್ವರೂಪವೇ ಬದಲಾಯಿತು. ನೆಟ್ಟಗಿದ್ದ ಗಡುಸಾದ ಹಲ್ಲಿಗೆ ಬದಲಾಗಿ ಬಾಗಿದ, ಬಳುಕುವ ಹಲ್ಲು ಬಂದಿತು. ೧೮೬೯ರಲ್ಲಿ ಮಿಶಿಗನ್ ಪ್ರಾಂತದ ಡೇವಿಡ್ ಗಾರ್ವರನು ಇಂತಹ ಹಲ್ಲಿನ ಹಲುಬೆಗೆ ಪೇಟೆಂಟನ್ನು ಪಡೆದನು. ಬಳುಕುವ ಹಲ್ಲು ಕಲ್ಲಿಗೋ ಬೇರಿಗೋ ತಗುಲಿದಾಗ ಹಿಂದಕ್ಕೆ ಬಾಗಿ, ಅದನ್ನು ದಾಟಿ, ಮತ್ತೆ ತನ್ನ ಸ್ಥಾನಕ್ಕೆ ಮರಳುತ್ತದೆ, ಮುರಿಯುವುದಿಲ್ಲ. ಒಣಹುಲ್ಲನ್ನು ಒಟ್ಟುಗೂಡಿಸಲು ಕುದುರೆಗಳು ಎಳೆಯುತ್ತಿದ್ದ ಎರಡು ಗಾಲಿಯ ಬಾಚಣಿಗೆಯಲ್ಲಿಯೂ ಅರ್ಧಚಂದ್ರಾಕಾರದ ಇಂತಹ ಉಕ್ಕಿನ ಹಲ್ಲುಗಳೇ ಇದ್ದುವು. ಕುದುರೆಗಳು ಹೊಲದಿಂದ ಮರೆಯಾದ ಮೇಲೆ ಆ ಬಾಚಣಿಗೆಗಳು ಬೇಲಿಯ ಮೂಲೆಗಳಲ್ಲಿ ತುಕ್ಕು ಹಿಡಿಯುತ್ತ ಬಿದ್ದುವು. ಇಂದಿಗೂ ಟ್ರ್ಯಾಕ್ಟರಿನ ಹಲುಬೆಯನ್ನು ಸ್ವಂತವಾಗಿ ಮಾಡಿಕೊಳ್ಳುವ ಅಲ್ಲಿಯ ರೈತರು ಮೊದಲು ಹುಡುಕುವುದು ಅವುಗಳ ಹಲ್ಲುಗಳನ್ನೇ.

ಆದರೆ ಹಲ್ಲಿದ್ದ ಮಾತ್ರಕ್ಕೆ ಟ್ರ್ಯಾಕ್ಟರಿನ ಹಲುಬೆಯಾಗದು. ಅದನ್ನು ಯಂತ್ರಕ್ಕೆ ಸೇರಿಸುವ ಬಗೆ ಬೇಕು. ಮೊದಲ ಟ್ರ್ಯಾಕ್ಟರುಗಳು ಉಪಕರಣವನ್ನು ಎತ್ತುಗಳಂತೆಯೇ, ಬರಿಯ ಸರಪಳಿಯಿಂದಲೋ ಕೊಂಡಿಯಿಂದಲೋ ಎಳೆಯುತ್ತಿದ್ದುವು. ನೇಗಿಲು ಬಂಡೆಗೆ ಸಿಕ್ಕಿಕೊಂಡರೆ, ಹಿಂದಿನ ಗಾಲಿಗಳ ಅಚ್ಚಿನ ಸುತ್ತ ಟ್ರ್ಯಾಕ್ಟರಿನ ಮುಂಭಾಗವು ಮೇಲೆದ್ದು, ಯಂತ್ರವು ಚಾಲಕನ ಮೇಲೆ ಮಗುಚುತ್ತಿತ್ತು. ೧೯೧೭ರಲ್ಲಿ ಐರ್ಲೆಂಡಿನ ಬೇಸಾಯ ಮಂಡಲಿಯವರ ಕೋರಿಕೆಯಿಂದ ಅಲ್ಲಿಯ ಟ್ರ್ಯಾಕ್ಟರುಗಳ ಕೆಲಸವನ್ನು ಪರಿಶೀಲಿಸಿದ ಹ್ಯಾರಿ ಫರ್ಗ್ಯೂಸನ್ ಎಂಬ ಯಂತ್ರಕುಶಲನು ಟ್ರ್ಯಾಕ್ಟರೂ ಉಪಕರಣವೂ ಎರಡಲ್ಲ, ಒಂದೇ ಯಂತ್ರವಾಗಬೇಕೆಂಬ ನಿಶ್ಚಯಕ್ಕೆ ಬಂದನು. ಅವನ ದೀರ್ಘ ಪ್ರಯೋಗಗಳ ಫಲವೇ ಮೂರು ಕೊಂಡಿಗಳ ಜೋಡಣೆ. ಕೆಳಗೆ ಎರಡು ತೋಳುಗಳು ಉಪಕರಣವನ್ನು ಎಳೆಯುತ್ತವೆ. ಮೇಲಿನ ಮೂರನೆಯದು ಅದರ ಒತ್ತಡವನ್ನು ಮುಂದಕ್ಕೆ ಸಾಗಿಸಿ ಟ್ರ್ಯಾಕ್ಟರಿನ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ತೈಲದ ಒತ್ತಡದಿಂದ ತೋಳುಗಳನ್ನು ಎತ್ತಿ ಇಳಿಸಲೂ, ಉಪಕರಣದ ಆಳವನ್ನು ತಾನಾಗಿ ನಿಯಂತ್ರಿಸಲೂ ಅವನು ಉಪಾಯವನ್ನು ಕಂಡುಹಿಡಿದು ೧೯೨೬ರಲ್ಲಿ ಅದಕ್ಕೆ ಪೇಟೆಂಟನ್ನು ಪಡೆದನು.

ಈ ಜೋಡಣೆಯುಳ್ಳ ಟ್ರ್ಯಾಕ್ಟರು ಡೇವಿಡ್ ಬ್ರೌನನ ಕಾರ್ಖಾನೆಯಿಂದ ೧೯೩೬ರಲ್ಲಿ ಹೊರಬಂದಿತು. ೧೯೩೮ರಲ್ಲಿ ಫರ್ಗ್ಯೂಸನ್ನನು ಹೆನ್ರಿ ಫೋರ್ಡನಿಗೆ ಅದನ್ನು ತೋರಿಸಲು, ಇಬ್ಬರೂ ಪತ್ರವಿಲ್ಲದೆ, ಕೈಕುಲುಕಿದ ಮಾತ್ರದಿಂದ ಒಪ್ಪಂದ ಮಾಡಿಕೊಂಡರು. ೧೯೩೯ರಲ್ಲಿ ಫೋರ್ಡ್ ಕಾರ್ಖಾನೆಯ ಟ್ರ್ಯಾಕ್ಟರು ಸಿದ್ಧವಾಯಿತು. ಬಾಯಿಮಾತಿನ ಒಪ್ಪಂದವು ಮುಂದಿನ ಪೀಳಿಗೆಯಲ್ಲಿ ನಿಲ್ಲಲಿಲ್ಲ. ೧೯೪೮ರಲ್ಲಿ ಹೂಡಿದ ವ್ಯಾಜ್ಯವು ೧೯೫೨ರಲ್ಲಿ, ಫರ್ಗ್ಯೂಸನ್ನನಿಗೆ ೯೨ ಲಕ್ಷ ೫೦ ಸಾವಿರ ಡಾಲರುಗಳನ್ನು ಕೊಡುವ ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ, ೧೯೪೬ರಿಂದ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಅವನ ಹೆಸರಿನ ಸಣ್ಣ ಬೂದುಬಣ್ಣದ ಟ್ರ್ಯಾಕ್ಟರುಗಳು ತಯಾರಾಗತೊಡಗಿ, ೧೯೫೬ರ ವೇಳೆಗೆ ಐದು ಲಕ್ಷಕ್ಕೂ ಮಿಕ್ಕಿ ಲೋಕದ ನಾನಾ ಕಡೆಗಳಲ್ಲಿ ಹರಡಿದ್ದುವು.

ಚರಿತ್ರಕಾರನಿಗೆ ಮುಖ್ಯವಾದುದು ವ್ಯಾಜ್ಯವಲ್ಲ, ಅದರ ಅನಂತರದ ಸ್ಥಿತಿ. ಹಕ್ಕುಗಳ ಅವಧಿಯು ತೀರುತ್ತ ಬಂದಂತೆ ಇತರ ಕಾರ್ಖಾನೆಗಳೂ ಮೂರು ಕೊಂಡಿಗಳನ್ನು ಅಂಗೀಕರಿಸಿದುವು. ಅವುಗಳ ಅಳತೆಗಳು ಅಂತರರಾಷ್ಟ್ರೀಯ ಪ್ರಮಾಣವಾಗಿ ನಿಗದಿಯಾದುವು. ಸಣ್ಣ ಟ್ರ್ಯಾಕ್ಟರುಗಳ ವರ್ಗದಲ್ಲಿ ಕೆಳಗಿನ ಗೂಟದ ದಪ್ಪ ೨೨ ಮಿಲಿಮೀಟರು, ಮೇಲಿನದು ೧೯ ಮಿಲಿಮೀಟರು, ಕೆಳಗಿನ ಎರಡು ಗೂಟಗಳ ನಡುವಣ ಅಂತರ ೬೮೩ ಮಿಲಿಮೀಟರು. ಒಬ್ಬನ ಗುಟ್ಟಾಗಿದ್ದುದು ಎಲ್ಲರ ಸೊತ್ತಾಯಿತು. ನೊಗದ ಅಳತೆಯು ಊರ ಬಡಗಿಗೆ ತಿಳಿದಿದ್ದಂತೆ, ಈ ಅಳತೆಯು ಬೆಸುಗೆ ಹಾಕಬಲ್ಲ ಯಾವನಿಗಾದರೂ ತಿಳಿಯುವಂತಾಯಿತು.

೬

ಈ ಹಿನ್ನೆಲೆಯಲ್ಲಿ ಮನೆಯಲ್ಲಿ ಮಾಡಿದ ಟ್ರ್ಯಾಕ್ಟರ್ ಹಲುಬೆಯನ್ನು ಪರೀಕ್ಷಿಸಬಹುದು. ಇದರ ಕೆಲಸವು ಬಿತ್ತನೆಗಿಂತಲೂ ನೆಲದ ಸಮತಟ್ಟಿಗೆ ಸಂಬಂಧಿಸಿದುದು: ಕಲ್ಲು ಬೇರುಗಳನ್ನು ಬಾಚುವುದು, ಹಾದಿಯ ಜಲ್ಲಿಯನ್ನು ಹರಡುವುದು, ಹುಲ್ಲುಬೀಜಕ್ಕೆ ಅಂಗಳವನ್ನು ನುಣುಪುಗೊಳಿಸುವುದು. ದಿಂಡಿನ ಸ್ಥಾನದಲ್ಲಿ ಚೌಕಾಕಾರದ ಉಕ್ಕಿನ ಕೊಳವೆ. ಈಸಿನ ಸ್ಥಾನದಲ್ಲಿ ಕೆಳಗೆ ಎರಡು, ಮೇಲೆ ಒಂದು ಗೂಟವನ್ನು ಹೊತ್ತ ತ್ರಿಕೋನದ ಚೌಕಟ್ಟು. ದಿಂಡಿನ ಉದ್ದಕ್ಕೂ ಬಾಗಿದ ಹಲ್ಲುಗಳು. ಚೌಕಟ್ಟಿಗೂ ದಿಂಡಿಗೂ ನಡುವೆ ತಿರುಗುವ ಗೂಟವನ್ನಿಟ್ಟರೆ ದಿಂಡನ್ನು ಓರೆಯಾಗಿ ನಿಲ್ಲಿಸಬಹುದು. ಆಗ ಬಾಚಿದ ಕಸವು ಒಂದು ಪಕ್ಕಕ್ಕೆ ಸಾಲಾಗಿ ಬೀಳುತ್ತದೆ. ದಿಂಡಿನ ಅಗಲವು ಟ್ರ್ಯಾಕ್ಟರಿನ ಗಾಲಿಗಳ ಹೊರ ಅಂಚನ್ನು ಮೀರಿರಬೇಕು; ಇಲ್ಲದಿದ್ದರೆ ಗಾಲಿಯ ಗುರುತು ಹಾಗೆಯೇ ಉಳಿಯುತ್ತದೆ.

ಖರ್ಚಿನ ಬಹುಭಾಗವು ಹಲ್ಲುಗಳದು. ಕೊಳವೆಯೂ ಪಟ್ಟಿಯೂ ಗುಜರಿಯಲ್ಲಿ ದೊರೆಯುತ್ತವೆ. ಪುಟವಿಟ್ಟ ಬಳುಕುವ ಉಕ್ಕು ಅಷ್ಟು ಸುಲಭವಲ್ಲ. ಮಿತವ್ಯಯವನ್ನು ಬಯಸುವವನು ಹಳೆಯ ಬಾಚಣಿಗೆಯ ಹಲ್ಲುಗಳನ್ನೋ ವಾಹನಗಳ ಕಮಾನು ಪಟ್ಟಿಗಳನ್ನೋ ಆಶ್ರಯಿಸುವುದು ಈ ಕಾರಣದಿಂದ. ಇಲ್ಲಿ ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ: ಹಲ್ಲುಗಳನ್ನು ದಿಂಡಿಗೆ ನೇರವಾಗಿ ಬೆಸೆಯುವುದು. ಬೆಸುಗೆಯ ಕಾವು ಉಕ್ಕಿನ ಹದವನ್ನು ಕೆಡಿಸುತ್ತದೆ. ಬೆಸುಗೆಯ ಮಗ್ಗುಲಲ್ಲಿ ಉಕ್ಕು ಪೆಡಸಾಗಿ, ಮೊದಲ ಕಲ್ಲಿಗೇ ಹಲ್ಲು ಮುರಿಯುತ್ತದೆ. ಮುರಿದುದನ್ನು ತೆಗೆಯಲು ದಿಂಡನ್ನೇ ಕತ್ತರಿಸಬೇಕಾಗುತ್ತದೆ. ಬಲ್ಲವರು ಹಲ್ಲುಗಳನ್ನು ಬೋಲ್ಟಿನಿಂದ ಬಿಗಿಯುತ್ತಾರೆ. ಒಂದೊಂದು ಹಲ್ಲನ್ನೂ ಬೇರೆಯಾಗಿ ಕಳಚಲು ಬರಬೇಕೆಂಬ ಈ ನಿಯಮವು ಜಾಲಿಯ ದಿಂಡಿಗೆ ತೂತು ಕೊರೆದ ಬಡಗಿಯ ನಿಯಮವೇ. ಮೇಲಿನ ಕೊಂಡಿಯ ಉದ್ದವನ್ನು ಬದಲಿಸಿ ಹಲ್ಲಿನ ಓರೆಯನ್ನು ತಿದ್ದುವುದು, ಈಸಿನ ಮೇಲೆ ನೊಗದ ಕಟ್ಟನ್ನು ಸರಿಸುವುದಕ್ಕೆ ಸಮಾನ. ಹಲ್ಲು ಇಳಿಯದಿದ್ದರೆ ದಿಂಡಿನ ಮೇಲೆ ಭಾರವನ್ನು ಹೇರುವುದಂತೂ ಎರಡರಲ್ಲಿಯೂ ಒಂದೇ. ಒಂದು ಇನ್ನೊಂದನ್ನು ನೋಡಿ ಕಲಿತುದಲ್ಲ. ಮಣ್ಣೂ ಹಲ್ಲೂ ಕೂಡಿದಲ್ಲೆಲ್ಲ ಸಮಸ್ಯೆಯು ಒಂದೇ ಆದುದರಿಂದ ಪರಿಹಾರವೂ ಒಂದೇ ಆಗಿದೆ.

೭

ಕನ್ನಡನಾಡಿಗೆ ಮೂರು ಕೊಂಡಿಗಳು ಬಂದುದು ಸ್ವಾತಂತ್ರ್ಯಾನಂತರ. ಫರ್ಗ್ಯೂಸನ್ ಸಂಸ್ಥೆಯು ೧೯೫೩ರಲ್ಲಿ ಮ್ಯಾಸಿ ಹ್ಯಾರಿಸ್ ಸಂಸ್ಥೆಯೊಡನೆ ಕೂಡಿತು; ಆ ಮನೆತನದ ಟ್ರ್ಯಾಕ್ಟರುಗಳನ್ನು ತಯಾರಿಸಲು ೧೯೬೦ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟ್ಯಾಫೆ ಸಂಸ್ಥೆಯು ಮುಂದೆ ದೊಡ್ಡಬಳ್ಳಾಪುರದಲ್ಲಿಯೂ ಕಾರ್ಖಾನೆಯನ್ನು ತೆರೆಯಿತು. ಟ್ರ್ಯಾಕ್ಟರನ್ನು ಊರಿನಲ್ಲಿ ಮಾಡಲಾಗದು. ಅದರ ಹಿಂದೆ ಕಟ್ಟುವುದನ್ನು ಮಾಡಬಹುದು. ಬೆಸುಗೆಯ ಸಣ್ಣ ಅಂಗಡಿಗಳಲ್ಲಿ ಟ್ರ್ಯಾಕ್ಟರಿಗೆ ಕಟ್ಟುವ ಕುಂಟೆ, ಕೂರಿಗೆ, ಹಲಗೆಗಳು ಸಿದ್ಧವಾಗುತ್ತಿರುವುದು ಇಂದಿನ ಸಾಮಾನ್ಯ ದೃಶ್ಯ. ಮಾಡುವವನು ಬಡಗಿಯಲ್ಲ, ಆಯವೂ ಇಲ್ಲ, ನಗದು ಹಣದ ವ್ಯವಹಾರ. ಆದರೆ ರೈತನು ಎದುರಿಗೆ ನಿಂತು, ಅಲಗು ಇಷ್ಟು ಓರೆಯಿರಲಿ, ಸಾಲಿನ ಅಂತರ ಇಷ್ಟಿರಲಿ ಎಂದು ತನ್ನ ಹೊಲದ ಮಣ್ಣಿಗೆ ತಕ್ಕಂತೆ ಹೇಳಿ ಮಾಡಿಸುವ ಪದ್ಧತಿಯು ಮರಳಿ ಬಂದಿದೆ.

ಎಲ್ಲವೂ ಮರಳಿ ಬಂದಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ರಾಗಿಯ ಎಳೆಪೈರಿನ ಮೇಲೆ ಹಗುರವಾಗಿ ಹಾಯುವ ಹಲುಬೆಯ ಕೆಲಸವು ಭಾರವಾದ ಯಂತ್ರಕ್ಕೆ ಸುಲಭಸಾಧ್ಯವಲ್ಲ. ಗಾಲಿಯ ಕೆಳಗೆ ಸಿಕ್ಕಿದ ಪೈರು ಚೇತರಿಸಿಕೊಳ್ಳುವುದಿಲ್ಲ. ಎತ್ತಿನ ಜೋಡಿಯು ಇಲ್ಲವಾದ ಮನೆಯಲ್ಲಿ ಹಲುಬೆಯು ಅಟ್ಟವನ್ನೇರುತ್ತದೆ. ಅದರೊಡನೆ, ಯಾವ ದಿನ ಯಾವ ಹದದಲ್ಲಿ ಅದನ್ನು ಹೂಡಬೇಕೆಂಬ ಅರಿವೂ ಕುಂದುತ್ತದೆ. ಉಪಕರಣವನ್ನು ಹಳೆಯ ಕಬ್ಬಿಣದಿಂದ ಮತ್ತೆ ಕಟ್ಟಬಹುದು; ಆ ಅರಿವನ್ನು ಗುಜರಿಯಲ್ಲಿ ಹುಡುಕಿ ತರಲು ಬಾರದು.

ಮೇಲಣ ವಿಚಾರಗಳಿಂದ ತಿಳಿಯಬರುವುದಿಷ್ಟು. ಸಾಧನವು ಮರದ್ದೋ ಉಕ್ಕಿನದೋ, ಎಳೆಯುವುದು ಎತ್ತೋ ಯಂತ್ರವೋ ಎಂಬುದರಿಂದ ರೈತನ ಸ್ವಾತಂತ್ರ್ಯವು ನಿರ್ಣಯವಾಗುವುದಿಲ್ಲ. ಜೋಡಣೆಯ ಅಳತೆಯು ಬಹಿರಂಗವಾಗಿದೆಯೆ, ಮುರಿದ ಭಾಗವನ್ನು ಹತ್ತಿರದಲ್ಲಿಯೇ ಬದಲಿಸಬಹುದೆ, ಮಾಡುವವನು ಹೊಲವನ್ನು ಬಲ್ಲನೆ ಎಂಬ ಮೂರು ಪ್ರಶ್ನೆಗಳಿಂದ ನಿರ್ಣಯವಾಗುತ್ತದೆ. ಕಬ್ಬಿಣದ ಮೊದಲ ನೇಗಿಲುಗಳು ಈ ಪರೀಕ್ಷೆಯಲ್ಲಿ ತಡವರಿಸಿದುವು. ಮೂರು ಕೊಂಡಿಗಳು, ಒಬ್ಬನ ಹಕ್ಕಿನಿಂದ ಬಿಡುಗಡೆ ಹೊಂದಿದ ಮೇಲೆ, ಉತ್ತೀರ್ಣವಾದುವು. ದಿಂಡು, ಈಸು, ತಾಳು, ಕುಡ, ಮೇಣಿ ಮೊದಲಾದ ಶಬ್ದಗಳನ್ನು ಅಳಿದುಹೋದುವೆಂದು ಕೋಶಗಳಲ್ಲಿ ಮಾತ್ರ ಕಾಪಾಡುವುದು ಸಾಲದು. ‘ಟ್ರ್ಯಾಕ್ಟರ್ ಕುಂಟೆ’ ಎಂಬ ಸಮಾಸವನ್ನು ರೈತರು ಯಾವ ವಿದ್ವಾಂಸರನ್ನೂ ಕೇಳದೆ ಕಟ್ಟಿಕೊಂಡಿದ್ದಾರೆ. ಹಳೆಯ ಶಬ್ದವು ಹೊಸ ಉಕ್ಕಿಗೆ ಹೊಂದಿಕೊಳ್ಳುವುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಾಗಿಲ್ಲ.